ಮಾತಾಡಿಸಿಕೊಂಡು ಬರುವುದು

ನಮ್ಮ ತಿಪಟೂರು ಸೀಮೆಯಲ್ಲಿ ಯಾರಾದರೂ ತೀರಿಕೊಂಡರೆ ಅಂದೇ ಹೊರಡುವವರು 'ಮಣ್ಣಿಗೆ ಹೋಗುತ್ತೇವೆ' ಎನ್ನುತ್ತಾರೆ. ಅಂದು ಹೋಗಲಾಗದವರು ಮುಂದಿನ ಹತ್ತು ಹದಿನೈದು ದಿನಗಳೊಳಗೆ ಒಮ್ಮೆ ಆ ಮನೆಗೆ ಹೋಗಿ ಕುಳಿತು ಬರುತ್ತಾರೆ. ಅದಕ್ಕೆ 'ಮಾತಾಡಿಸಿಕೊಂಡು ಬರುವುದು' ಎಂದು ಹೆಸರು. ಸಮಾಧಾನ ಹೇಳಿ ಬರುವುದು ಎಂದಾಗಲಿ, ಸಾಂತ್ವನ ಹೇಳಿ ಬರುವುದು ಎಂದಾಗಲಿ ಯಾರೂ ಅನ್ನುವುದಿಲ್ಲ. ಮಾತಾಡಿಸುವುದೆಂದರೆ ಎದುರಿನವರ ಬಾಯಿಂದ ಮಾತು ಹೊರಡಿಸುವುದು. ಹೋದವರು ಏನು ಹೇಳಿದರು ಎಂಬುದು ಅಲ್ಲಿ ಲೆಕ್ಕಕ್ಕೇ ಇಲ್ಲ.

ಅದು ನಡೆಯುವ ರೀತಿಯೂ ಹೆಚ್ಚುಕಡಿಮೆ ಒಂದೇ. ಬಂದವರು ಚಪ್ಪಲಿ ಬಿಟ್ಟು, ಜಗಲಿಯ ಮೇಲೋ ಚಾಪೆಯ ಮೇಲೋ ಕುಳಿತು, ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ "ಹೆಂಗಾಯ್ತು?" ಎಂದು ಕೇಳುತ್ತಾರೆ. ಮನೆಯವರು ಮೊದಲಿನಿಂದ ಹೇಳುತ್ತಾರೆ: ಬೆಳಿಗ್ಗೆ ಎಂದಿನಂತೆ ಎದ್ದರು, ಕಾಫಿ ಕುಡಿದರು, ಎದೆ ಉರಿಯುತ್ತದೆ ಎಂದರು, ಗ್ಯಾಸ್ ಇರಬೇಕು ಅಂದುಕೊಂಡೆವು. ಇದನ್ನೇ ಹದಿಮೂರು ದಿನಗಳಲ್ಲಿ ನೂರಾರು ಸಲ ಹೇಳಬೇಕಾಗುತ್ತದೆ. ಚಿಕ್ಕವಳಿದ್ದಾಗ ನನಗೆ ಇದು ಹಿಂಸೆಯಾಗಿ ಕಾಣುತ್ತಿತ್ತು. ಗಾಯದ ಮೇಲಿನ ಹಕ್ಕಳೆಯನ್ನು ಬಂದವರೆಲ್ಲ ಒಬ್ಬೊಬ್ಬರಾಗಿ ಕಿತ್ತು ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ಹೊರಡುವಾಗ ಅವರು 'ಹೋಗಿ ಬರ್ತೀವಿ' ಎನ್ನದೆ ಹಾಗೆಯೇ ಎದ್ದು ಹೋಗುವುದೂ ವಿಚಿತ್ರವೆನಿಸುತ್ತಿತ್ತು. ಸಾವಿನ ಮನೆಯಲ್ಲಿ 'ಬರ್ತೀನಿ' ಎನ್ನಬಾರದು ಎಂದು ಆಮೇಲೆ ತಿಳಿಯಿತು. ಆ ಪ್ರಶ್ನೆಯಿಂದ ಮನೆಯವರಿಗೆ ಏನು ಸಿಗುತ್ತಿತ್ತು ಎನ್ನುವುದು ನನಗೆ ಅರ್ಥವಾದದ್ದು ಮಾತ್ರ 2021ರಲ್ಲಿ, ನಮ್ಮ ಮನೆಯ ಸಾವಿನ ಬಗ್ಗೆ ಅದನ್ನು ಕೇಳಲು ಒಬ್ಬರೂ ಬಾರದಿದ್ದಾಗ.

ಅಪ್ಪ ನಿವೃತ್ತ ಶಾಲಾ ಶಿಕ್ಷಕರು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಬೆಂಗಳೂರಿನಲ್ಲಿಯೇ ಆಗಲಿ ಎಂದು ಮಾರ್ಚ್ ತಿಂಗಳಲ್ಲಿ ನಾನೇ ಹಟ ಮಾಡಿ ಅವರನ್ನೂ ಅಮ್ಮನನ್ನೂ ಕರೆಸಿಕೊಂಡಿದ್ದೆ. ಏಪ್ರಿಲ್ ಕೊನೆಯ ವಾರದಲ್ಲಿ ಮೊದಲು ನನಗೆ ಜ್ವರ ಬಂತು, ಆಮೇಲೆ ಅಮ್ಮನಿಗೆ, ಕೊನೆಗೆ ಅಪ್ಪನಿಗೆ. ನಮ್ಮಿಬ್ಬರ ಕೋವಿಡ್ ವರದಿ ಪಾಸಿಟಿವ್ ಎಂದು ಬಂದರೆ ಅಪ್ಪನದು ನೆಗೆಟಿವ್ ಎಂದು ಬಂತು. ಆದರೆ ಎದೆಯ ಸ್ಕ್ಯಾನ್ ಬೇರೆಯೇ ಕಥೆ ಹೇಳುತ್ತಿತ್ತು. ಪಾಸಿಟಿವ್ ವರದಿ ಇಲ್ಲದವರಿಗೆ ಬಿಯು ನಂಬರ್ ಎಂಬ ರೋಗಿಯ ಸಂಖ್ಯೆ ಇಲ್ಲ, ಬಿಯು ನಂಬರ್ ಇಲ್ಲದವರಿಗೆ ಪಾಲಿಕೆಯ ಮೂಲಕ ಹಾಸಿಗೆ ಇಲ್ಲ ಎನ್ನುವಂತಿದ್ದ ದಿನಗಳವು. 'ಬೆಂಗಳೂರು ಅರ್ಬನ್' ಎಂಬ ಎರಡು ಪದಗಳ ಇಂಗ್ಲಿಷ್ ಮೊದಲಕ್ಷರಗಳನ್ನು ಹೊತ್ತ ಆ ಸಂಖ್ಯೆಗಾಗಿ, ಒಂದು ಹಾಸಿಗೆಗಾಗಿ, 1912ರ ಸಹಾಯವಾಣಿಗೆ ಫೋನು ಹಚ್ಚಿಕೊಂಡು ರಾತ್ರಿಯಿಡೀ ಕುಳಿತವರು ಈ ಊರಿನಲ್ಲಿ ಎಷ್ಟು ಜನವೋ. ಹೇಗೋ ಪರಿಚಯದವರ ಮೂಲಕ ಒಂದು ಖಾಸಗಿ ಆಸ್ಪತ್ರೆಯಲ್ಲಿ ಜಾಗ ಸಿಕ್ಕಿತು. ಮೇ 2ರ ಮಧ್ಯಾಹ್ನ ಅಪ್ಪ ಆಂಬ್ಯುಲೆನ್ಸ್ ಹತ್ತಿದರು. ಮೇ 9ರ ನಸುಕಿನಲ್ಲಿ ಫೋನ್ ಬಂತು.

ಆ ಏಳು ದಿನಗಳ ಬಗ್ಗೆ ನಮಗೆ ತಿಳಿದಿರುವುದು ಬಹಳ ಕಡಿಮೆ. ಪ್ರತಿದಿನ ಸಂಜೆ ನಾಲ್ಕು ಗಂಟೆಯ ಸುಮಾರಿಗೆ ಯಾರೋ ಒಬ್ಬರು ಫೋನ್ ಮಾಡಿ, ಆಮ್ಲಜನಕದ ಮಟ್ಟ ಇಷ್ಟಿದೆ, ಸ್ಟೇಬಲ್ ಆಗಿದ್ದಾರೆ ಎನ್ನುತ್ತಿದ್ದರು. ಮೊದಲ ಮೂರು ದಿನ ಊಟ ಕಳಿಸಲು ಅವಕಾಶವಿತ್ತು. ಜ್ವರದಲ್ಲಿಯೇ ಎದ್ದು ಅಮ್ಮ ಮೊಸರನ್ನವನ್ನು ಮೆತ್ತಗೆ ಕಲಸಿ, ಕ್ಲಿಪ್ ಇರುವ ಸ್ಟೀಲ್ ಡಬ್ಬಿಗೆ ತುಂಬಿ ಕೊಡುತ್ತಿದ್ದಳು; ನಮ್ಮ ಬೀದಿಯ ಹುಡುಗನೊಬ್ಬ ಅದನ್ನು ಆಸ್ಪತ್ರೆಯ ಗೇಟಿಗೆ ಮುಟ್ಟಿಸುತ್ತಿದ್ದ. ಮುಚ್ಚಳದ ಮೇಲೆ ಅಪ್ಪನ ಹೆಸರು ಕೊರೆಸಿದ್ದ ಡಬ್ಬಿ ಅದು, ನಮ್ಮ ಮನೆಯ ಗೃಹಪ್ರವೇಶದ ಕಾಲದ್ದು. ಎಲ್ಲ ಮುಗಿದ ಮೇಲೆ ಆಸ್ಪತ್ರೆಯವರು ಕೊಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಕನ್ನಡಕ, ಚಾರ್ಜರ್, ಒಂದು ಪಂಚೆ ಮತ್ತು ಈ ಡಬ್ಬಿ ಇದ್ದವು. ಡಬ್ಬಿ ತೊಳೆದಿತ್ತು. ಬರೀ ನೀರು ಹಾಕಿ ಕುಲುಕಿದ್ದಲ್ಲ. ಚೊಕ್ಕವಾಗಿ ಉಜ್ಜಿ ತೊಳೆದು, ಮುಚ್ಚಳದ ರಬ್ಬರನ್ನು ಬಿಚ್ಚಿ ಬೇರೆಯಾಗಿ ತೊಳೆದು, ಕಾಗದದಲ್ಲಿ ಸುತ್ತಿ ಡಬ್ಬಿಯ ಒಳಗೆ ಇಟ್ಟಿದ್ದರು.

ಯಾರು ತೊಳೆದರು? ಅಪ್ಪ ಉಂಡರೋ ಇಲ್ಲವೋ? ಕೊನೆಯ ರಾತ್ರಿ ನೀರು ಕೇಳಿದಾಗ ಯಾರಾದರೂ ಕೊಟ್ಟರೋ? ಅಮ್ಮನ ದುಃಖವೆಲ್ಲ ಆ ಡಬ್ಬಿಯೊಳಗೆ ಸೇರಿಕೊಂಡಿತು ಎಂದರೆ ಉತ್ಪ್ರೇಕ್ಷೆಯಲ್ಲ. ಮನೆಯಲ್ಲಿ ಸತ್ತಿದ್ದರೆ ಅವಳ ಬಳಿ ಹೇಳಲು ಒಂದು ಕಥೆಯಿರುತ್ತಿತ್ತು, ಬಾಯಿಗೆ ತಾನೇ ನೀರು ಬಿಟ್ಟೆ ಎಂಬ ಒಂದು ವಾಕ್ಯವಾದರೂ ಇರುತ್ತಿತ್ತು. ಈಗ 'ಹೆಂಗಾಯ್ತು?' ಎಂದು ಯಾರಾದರೂ ಕೇಳಿದರೂ ಅವಳಲ್ಲಿ ಉತ್ತರವಿರಲಿಲ್ಲ, ಮತ್ತು ಕೇಳುವವರೂ ಇರಲಿಲ್ಲ. ಸಾಂಕ್ರಾಮಿಕದ ಕಾಲದಲ್ಲಿ ತಮ್ಮವರನ್ನು ಕಳೆದುಕೊಂಡವರ ದುಃಖ ಬೇರೆ ಸಾವುಗಳ ದುಃಖಕ್ಕಿಂತ ಹೇಗೆ ಭಿನ್ನ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ಅವರಿಗೆ ಸತ್ತವರ ಕೊನೆಯ ದಿನಗಳ ವೃತ್ತಾಂತ ಬೇಕು. ಒಬ್ಬ ನರ್ಸ್ ಹತ್ತು ನಿಮಿಷ ಬಿಡುವು ಮಾಡಿಕೊಂಡು, ನಿಮ್ಮ ಯಜಮಾನರು ಮಂಗಳವಾರ ಎರಡು ತುತ್ತು ತಿಂದರು, ಬುಧವಾರ ಮಗನ ಹೆಸರು ಹೇಳಿದರು ಎಂದು ತಿಳಿಸಿದ್ದರೆ ಅದು ಯಾವ ಔಷಧಿಗೂ ಕಡಿಮೆಯಾಗುತ್ತಿರಲಿಲ್ಲ. ಆ ದಿನಗಳಲ್ಲಿ ನರ್ಸುಗಳಿಗೆ ಆ ಹತ್ತು ನಿಮಿಷ ಎಲ್ಲಿತ್ತು ಎಂಬುದೂ ನನಗೆ ಗೊತ್ತು. ಆದ್ದರಿಂದ ಇದನ್ನು ದೂರಾಗಿ ಬರೆಯುತ್ತಿಲ್ಲ. ಆದರೆ ಆ ಅಲೆ ತಗ್ಗಿದ ಮೇಲೆ, ಜುಲೈನಲ್ಲಿಯೋ ಆಗಸ್ಟಿನಲ್ಲಿಯೋ, ಆಸ್ಪತ್ರೆಗಳು ಮನೆಮನೆಗೆ ಒಂದೊಂದು ಫೋನ್ ಮಾಡಬಹುದಿತ್ತು. ಬಿಲ್ಲಿನ ಬಾಕಿಗೆ ಫೋನ್ ಮಾಡಲು ಸಾಧ್ಯವಾದವರಿಗೆ ಇದು ಅಸಾಧ್ಯವಾಗಿರಲಿಲ್ಲ.

ಮುಖ ನೋಡುವ ವಿಷಯದಲ್ಲಂತೂ ನಿಯಮಕ್ಕಿಂತ ಭಯವೇ ಹೆಚ್ಚು ಆಳಿತು. 2020ರ ಮಾರ್ಚ್ 15ರಂದು ಕೇಂದ್ರ ಆರೋಗ್ಯ ಸಚಿವಾಲಯ ಹೊರಡಿಸಿದ ಮಾರ್ಗಸೂಚಿಯನ್ನು ನಾನು ಬಹಳ ತಡವಾಗಿ ಓದಿದೆ. ಶವವಿರುವ ಚೀಲದ ಜಿಪ್ ತೆರೆದು ಬಂಧುಗಳಿಗೆ ಕೊನೆಯ ದರ್ಶನ ಮಾಡಿಸಬಹುದು ಎಂದು ಅದರಲ್ಲಿಯೇ ಇದೆ. ದೇಹವನ್ನು ಮುಟ್ಟದೆ ಮಾಡುವ ವಿಧಿಗಳಿಗೆ, ಅಂದರೆ ಮಂತ್ರ ಅಥವಾ ಧರ್ಮಗ್ರಂಥ ಓದುವುದು, ತೀರ್ಥ ಪ್ರೋಕ್ಷಿಸುವುದು ಇವಕ್ಕೆ, ಅಡ್ಡಿಯಿಲ್ಲ ಎಂದಿದೆ. ಸ್ನಾನ ಮಾಡಿಸುವಂತಿಲ್ಲ, ಅಪ್ಪಿಕೊಳ್ಳುವಂತಿಲ್ಲ. ಆದರೆ ಬೂದಿಯಿಂದ ಯಾವ ಅಪಾಯವೂ ಇಲ್ಲ, ಅದನ್ನು ಸಂಗ್ರಹಿಸಬಹುದು ಎಂದೂ ಇದೆ. ಇದನ್ನು ಓದಿದ ದಿನ ನನಗೆ ಅಳುವಿಗಿಂತ ಹೆಚ್ಚಾಗಿ ಸಿಟ್ಟು ಬಂತು. ನಮಗೆ ಚೀಲವನ್ನು ಹತ್ತು ಅಡಿ ದೂರದಿಂದ ತೋರಿಸಿ, ಚೀಟಿಯ ಮೇಲಿನ ಹೆಸರು ಓದಿಕೊಳ್ಳಿ ಎಂದಿದ್ದರು. ಅಮ್ಮನಿಗೆ ಇಂದಿಗೂ ಒಂದೊಂದು ಸಲ ಅದರೊಳಗೆ ಇದ್ದವರು ಬೇರೆ ಯಾರೋ ಅನ್ನಿಸುತ್ತದೆ.

ಅವಳ ಸಂಶಯವನ್ನು ಹುಚ್ಚು ಎನ್ನಲು ನನಗೆ ಧೈರ್ಯವಿಲ್ಲ. 2020ರ ಜೂನ್ ಕೊನೆಯಲ್ಲಿ ಬಳ್ಳಾರಿಯಲ್ಲಿ ಶವಗಳನ್ನು ಒಂದೇ ಗುಂಡಿಗೆ ಎಸೆಯುತ್ತಿದ್ದ ವಿಡಿಯೊವನ್ನು ನಾಡೆಲ್ಲ ನೋಡಿತು, ಜಿಲ್ಲಾಡಳಿತ ಕ್ಷಮೆ ಕೇಳಿತು. 2020ರ ಜುಲೈನಲ್ಲಿ ತೀರಿಕೊಂಡ ಇಬ್ಬರ ದೇಹಗಳು ಬೆಂಗಳೂರಿನ ಆಸ್ಪತ್ರೆಯೊಂದರ ಶವಾಗಾರದಲ್ಲಿ 2021ರ ನವೆಂಬರಿನಲ್ಲಿ ಸಿಕ್ಕವು. ಆ ಸುದ್ದಿ ಬಂದ ದಿನ ಪತ್ರಿಕೆಯನ್ನು ನಾನು ಅಮ್ಮನ ಕೈಗೆ ಸಿಗದಂತೆ ಮಂಚದ ಕೆಳಗೆ ತಳ್ಳಿದೆ.

ನಮ್ಮಲ್ಲಿ ತೋಟದಲ್ಲಿಯೇ ಮಣ್ಣು ಮಾಡುವುದು ರೂಢಿ. ತಾತ, ಅಜ್ಜಿ ಇಬ್ಬರೂ ತೆಂಗಿನ ತೋಟದ ಮೂಲೆಯಲ್ಲಿ ಮಲಗಿದ್ದಾರೆ. ಅಪ್ಪನೂ ತಮ್ಮ ಜಾಗವನ್ನು ಕೈ ಮಾಡಿ ತೋರಿಸಿದ್ದರು. ಸ್ವಂತ ಜಮೀನಿನಲ್ಲಿ ಸಂಸ್ಕಾರ ಮಾಡಬಹುದು ಎಂದು ಸರ್ಕಾರ ಆ ಏಪ್ರಿಲ್‌ನಲ್ಲಿಯೇ ಅನುಮತಿ ಕೊಟ್ಟಿತ್ತು. ಆದರೆ ಅಷ್ಟು ದೂರ ಬರಲು ಶವವಾಹನದವರು ಒಪ್ಪಲಿಲ್ಲ, ಊರಿನವರೂ ಬೇಡವೆಂದರು. ನಗರದ ವಿದ್ಯುತ್ ಚಿತಾಗಾರಗಳು ಹಗಲು ರಾತ್ರಿ ಉರಿದರೂ ಸಾಲದೆ ತಾವರೆಕೆರೆ, ಗಿಡ್ಡೇನಹಳ್ಳಿಗಳಲ್ಲಿ ಬಯಲಿನಲ್ಲಿಯೇ ಚಿತೆಗಳನ್ನು ಜೋಡಿಸುತ್ತಿದ್ದ ಕಾಲ. ಆಂಬ್ಯುಲೆನ್ಸುಗಳು ಸಾಲುಗಟ್ಟಿ ನಿಂತಿದ್ದವು. ನಮ್ಮ ಸರದಿಗೆ ಟೋಕನ್ ಕೊಟ್ಟರು. ಸಂಸ್ಕಾರಕ್ಕೆ ಐದೇ ಜನ ಎಂಬ ನಿಯಮವಿತ್ತು. ನಮ್ಮ ಕಡೆ ಐದು ಜನರೂ ಇರಲಿಲ್ಲ. ತಮ್ಮ ಮೆಲ್ಬರ್ನ್‌ನಲ್ಲಿದ್ದ, ಅಮ್ಮ ಜ್ವರದಲ್ಲಿ ಮನೆಯಲ್ಲಿದ್ದಳು. ನಾನು, ನನ್ನ ಗಂಡ, ಡಬ್ಬಿ ಮುಟ್ಟಿಸುತ್ತಿದ್ದ ಆ ಹುಡುಗ, ಮೂವರೇ. ಕೊಳ್ಳಿ ಇಟ್ಟವಳು ನಾನು. ಮೂರನೆಯ ದಿನ ಕುಡಿಕೆಯಲ್ಲಿ ಬೂದಿ ಕೊಟ್ಟರು. ಅದನ್ನು ಗಂಡ ಅಡುಗೆಮನೆಯ ಕಿಟಕಿಯ ಹೊರಗೆ ನೇತು ಹಾಕಿದರು, ಒಳಗೆ ತರಬಾರದೆಂದು. ಲಾಕ್‌ಡೌನ್ ಸಡಿಲವಾದ ಮೇಲೆ ಜೂನ್ ಕೊನೆಯಲ್ಲಿ ಊರಿಗೆ ಒಯ್ದು ಅಪ್ಪ ತೋರಿಸಿದ್ದ ಜಾಗದಲ್ಲಿ ಗುಂಡಿ ತೋಡಿ ಅದನ್ನೇ ಮಣ್ಣು ಮಾಡಿದೆವು. ಸುಟ್ಟವರನ್ನು ಮತ್ತೆ ಹೂಳುವ ಶಾಸ್ತ್ರ ಯಾವುದರಲ್ಲೂ ಇರಲಿಕ್ಕಿಲ್ಲ.

ಅಷ್ಟಾದರೂ ನಮಗೆ ದಕ್ಕಿತು ಎನ್ನಬೇಕು. ಬೆಂಗಳೂರಿನ ಚಿತಾಗಾರಗಳಲ್ಲಿ ಯಾರೂ ಬಂದು ಒಯ್ಯದೆ ಉಳಿದ 500ಕ್ಕೂ ಹೆಚ್ಚು ಮಂದಿಯ ಚಿತಾಭಸ್ಮವನ್ನು ಜೂನ್ 2ರಂದು ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ಬಳಿ ಸರ್ಕಾರವೇ ಕಾವೇರಿಯಲ್ಲಿ ವಿಸರ್ಜಿಸಿತು. ಆಗಿನ ಕಂದಾಯ ಸಚಿವ ಆರ್. ಅಶೋಕ ಅವರು ನದಿಗಿಳಿದು ಆ ಕಾರ್ಯ ಮಾಡಿದರು. ಟಿ.ವಿ.ಯಲ್ಲಿ ಅದನ್ನು ನೋಡುತ್ತ ಮನೆಯವರೇ ಒಯ್ಯದೆ ಹೋದರಲ್ಲ ಎಂದು ಎಷ್ಟೋ ಜನ ಬೈದರು. ನಾನು ಬಯ್ಯಲಾರೆ. ಮನೆಯ ಎಲ್ಲರೂ ಹಾಸಿಗೆ ಹಿಡಿದಿದ್ದರೆ ಯಾರು ಒಯ್ಯಬೇಕು? ಆ ಮಡಕೆಗಳಲ್ಲಿ ಕೆಲವಾದರೂ, ಒಂದೇ ವಾರದಲ್ಲಿ ಇಬ್ಬರು ಮೂವರು ಹೋದ ಮನೆಗಳವು ಇದ್ದಿರಬೇಕು. ಇವತ್ತು ಆ ಮನೆಗಳಲ್ಲಿ ಉಳಿದವರು ತಾವು ಒಯ್ಯದೆ ಬಿಟ್ಟೆವು ಎಂಬುದನ್ನು ಹೇಗೆ ಹೊರುತ್ತಿದ್ದಾರೋ.

ತಪ್ಪಿನ ಈ ಭಾವನೆ ಆ ಕಾಲದ ಸಾವುಗಳಿಗೆ ಅಂಟಿಕೊಂಡು ಬಂದ ಇನ್ನೊಂದು ಕಾಯಿಲೆ. ಹೃದಯಾಘಾತವಾದರೆ ವಿಧಿ ಎನ್ನಬಹುದು. ಸೋಂಕು ಮಾತ್ರ ಯಾರಿಂದಲೋ ಬಂದಿರಲೇಬೇಕು, ಮತ್ತು ಆ 'ಯಾರೋ' ಬಹುತೇಕ ಮನೆಯವರೇ. ನನ್ನ ವಿಷಯದಲ್ಲಿ ಲೆಕ್ಕ ಸ್ಪಷ್ಟವಾಗಿತ್ತು: ಕರೆಸಿಕೊಂಡವಳು ನಾನು, ಮೊದಲು ಜ್ವರ ಬಂದವಳು ನಾನು. "ನಿಂದೇನೂ ತಪ್ಪಿಲ್ಲ ಬಿಡು" ಎಂದು ಹೇಳಿದವರು ಬೇಕಾದಷ್ಟು ಜನ. ಹಾಗೆ ಹೇಳಿದಾಗಲೆಲ್ಲ ಮಾತು ಅಲ್ಲಿಗೇ ನಿಂತುಹೋಗುತ್ತಿತ್ತು. ತಪ್ಪಿಲ್ಲ ಎಂಬ ತೀರ್ಪಿಗಿಂತ, ನಾನು ಏಪ್ರಿಲ್ 24ರಂದು ಯಾಕೆ ತರಕಾರಿ ಅಂಗಡಿಗೆ ಹೋದೆ, ಆ ಆಸ್ಪತ್ರೆಯನ್ನೇ ಯಾಕೆ ಆರಿಸಿಕೊಂಡೆ, ಎರಡು ದಿನ ಮೊದಲೇ ಯಾಕೆ ಸೇರಿಸಲಿಲ್ಲ ಎಂಬುದನ್ನೆಲ್ಲ ಒಮ್ಮೆ ಪೂರ್ತಿಯಾಗಿ ಯಾರ ಮುಂದಾದರೂ ಸುರಿಯುವುದು ನನಗೆ ಬೇಕಾಗಿತ್ತು.

ನನ್ನ ತಮ್ಮನ ಕಷ್ಟ ಇನ್ನೊಂದು ಬಗೆಯದು. ಆಗ ಆಸ್ಟ್ರೇಲಿಯಾದ ಗಡಿ ಮುಚ್ಚಿತ್ತು. ವಿಶೇಷ ಅನುಮತಿಯಿಲ್ಲದೆ ಅಲ್ಲಿನ ನಾಗರಿಕರೂ ದೇಶ ಬಿಡುವಂತಿರಲಿಲ್ಲ. ಆ ಮೇ ತಿಂಗಳ ಮೊದಲ ಎರಡು ವಾರ ಭಾರತದಿಂದ ಹೊರಟು ಬಂದವರಿಗೆ, ತಮ್ಮ ದೇಶದ ಪ್ರಜೆಗಳಾದರೂ ಸರಿ, ಪ್ರವೇಶವಿಲ್ಲ ಎಂದು ಆ ಸರ್ಕಾರ ಆಜ್ಞೆ ಹೊರಡಿಸಿತ್ತು. ಮೀರಿದರೆ ಐದು ವರ್ಷದವರೆಗೆ ಜೈಲು ಎಂದೂ ಹೇಳಿತ್ತು. ಅಪ್ಪನ ಸಂಸ್ಕಾರವನ್ನು ಅವನು ನನ್ನ ಗಂಡ ಹಿಡಿದ ಮೊಬೈಲಿನಲ್ಲಿ ನೋಡಿದ. ನಡುವೆ ಎರಡು ಸಲ ನೆಟ್‌ವರ್ಕ್ ಹೋಯಿತು. ಡಿಸೆಂಬರಿನಲ್ಲಿ ಅವನು ಬಂದಾಗ ನಾವೆಲ್ಲ ಅತ್ತು ಮುಗಿಸಿದ್ದೆವು, ಅವನು ಆಗಷ್ಟೇ ಶುರು ಮಾಡಿದ್ದ. ಒಂದೇ ಮನೆಯಲ್ಲಿ ಒಂದೇ ಸಾವಿಗೆ ಎರಡು ಕಾಲಮಾನ. ಅವನು ಅಪ್ಪನ ಪೆಟ್ಟಿಗೆ ತೆಗೆದು ಒಂದೊಂದೇ ಅಂಗಿಯನ್ನು ಮೂಸಿ ನೋಡುತ್ತಿದ್ದರೆ ನನಗೆ ರೇಗುತ್ತಿತ್ತು. ಈಗ ನೆನೆದರೆ ನಾಚಿಕೆಯಾಗುತ್ತದೆ. ಕೊಲ್ಲಿ ದೇಶಗಳಲ್ಲಿದ್ದ ಕರಾವಳಿಯವರು, ಅಮೆರಿಕದಲ್ಲಿದ್ದ ಕನ್ನಡಿಗರು, ಇವರಲ್ಲಿ ಎಷ್ಟೋ ಜನರಿಗೆ ಹೀಗೇ ಆಗಿದೆ. ಅವರ ಸುತ್ತ ಆ ಸಾವನ್ನು ಬಲ್ಲ ಒಬ್ಬರೂ ಇರಲಿಲ್ಲ ಎಂಬುದು ಅವರ ಕಷ್ಟವನ್ನು ಇನ್ನಷ್ಟು ಹೆಚ್ಚಿಸಿತು.

ಕಾಗದಪತ್ರದ ಅಧ್ಯಾಯವನ್ನು ಬೇಗ ಮುಗಿಸುತ್ತೇನೆ, ನೆನೆದರೆ ಸುಸ್ತಾಗುತ್ತದೆ. ಪೌತಿ ಖಾತೆ, ವಂಶವೃಕ್ಷ, ಪಿಂಚಣಿ, ಬ್ಯಾಂಕು, ವಿಮೆ ಇವೆಲ್ಲ ಎಲ್ಲ ಸಾವುಗಳಿಗೂ ಇರುವವೇ. ಈ ಸಾವುಗಳಿಗೆ ಇನ್ನೊಂದು ಸೇರಿಕೊಂಡಿತು. ಕೋವಿಡ್‌ನಿಂದ ಮೃತರಾದವರ ಕುಟುಂಬಕ್ಕೆ ಪರಿಹಾರದ ಮಾರ್ಗಸೂಚಿ ಮಾಡಿ ಎಂದು ಸುಪ್ರೀಂ ಕೋರ್ಟ್ 2021ರ ಜೂನ್ 30ರಂದು ಆದೇಶಿಸಿತು, ಅದರಂತೆ ₹50,000 ನಿಗದಿಯಾಯಿತು. ಅದಕ್ಕೂ ಮೊದಲೇ ರಾಜ್ಯ ಸರ್ಕಾರ ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ₹1 ಲಕ್ಷ ಘೋಷಿಸಿತ್ತು. ಆದರೆ ಸಾವು ಕೋವಿಡ್‌ನಿಂದಲೇ ಆಯಿತು ಎಂದು ತೋರಿಸಬೇಕಲ್ಲ. ನಮಗೆ ಸಿಗುವ ಮರಣ ಪ್ರಮಾಣಪತ್ರದಲ್ಲಿ ಸಾವಿನ ಕಾರಣವನ್ನು ಬರೆದಿರುವುದಿಲ್ಲ. ಕಾರಣವಿರುವುದು ಆಸ್ಪತ್ರೆಯ ವೈದ್ಯರು ತುಂಬುವ ನಮೂನೆ 4ರಲ್ಲಿ. ಅಪ್ಪನದರಲ್ಲಿ ನ್ಯುಮೋನಿಯಾ ಎಂದಷ್ಟೇ ಇತ್ತು. ಪರೀಕ್ಷೆ ನೆಗೆಟಿವ್ ಆಗಿದ್ದರೂ ಆಸ್ಪತ್ರೆಯಲ್ಲಿ ವೈದ್ಯರು ಕೋವಿಡ್ ಎಂದು ನಿರ್ಧರಿಸಿದ್ದರೆ ಸಾಕು ಎಂದು ಸೆಪ್ಟೆಂಬರಿನಲ್ಲಿ ಕೇಂದ್ರದ ಮಾರ್ಗಸೂಚಿ ಬಂದ ಮೇಲೆ, ಜಿಲ್ಲಾ ಸಮಿತಿಗೆ ಅರ್ಜಿ ಹಾಕಿ, ನಾಲ್ಕು ಸಲ ಅಲೆದು, ಕೊನೆಗೆ ಆ ಪದವನ್ನು ಬರೆಸಿಕೊಂಡೆವು. ಅಮ್ಮನಿಗೆ ದುಡ್ಡಿಗಿಂತ ಆ ಪದ ಬೇಕಾಗಿತ್ತು. "ಅದೇ ಅಲ್ದಿದ್ರೆ ನನಗ್ಯಾಕೆ ಮುಖ ತೋರಿಸ್ಲಿಲ್ಲ?" ಎಂದು ಅವಳು ಗುಮಾಸ್ತನ ಮುಂದೆ ಕೇಳಿದಾಗ ಆತ ಪೆನ್ನು ಕೆಳಗಿಟ್ಟು ಸುಮ್ಮನೆ ಕುಳಿತ. ಈ ಅಲೆದಾಟದಲ್ಲಿ ಜೊತೆಗೆ ಒಬ್ಬರು ಬಂದು ಸರತಿಯಲ್ಲಿ ನಿಂತರೆ ಅದೇ ದೊಡ್ಡ ಉಪಕಾರ. ಓದು ಬರಹ ಬಲ್ಲ ನಾನೇ ಬೇಸತ್ತ ಮೇಲೆ, ಗಂಡನನ್ನು ಕಳೆದುಕೊಂಡು ಎರಡು ಮಕ್ಕಳೊಂದಿಗೆ ನಿಂತ ನಮ್ಮ ಬೀದಿಯ ಆಟೊ ಚಾಲಕನ ಹೆಂಡತಿಯ ಪಾಡೇನು?

ಅವಳ ಮಕ್ಕಳ ಹೆಸರು ಯಾವ ಪಟ್ಟಿಗೂ ಸೇರಲಿಲ್ಲ. 2021ರ ಮೇ 29ರಂದು ಕೇಂದ್ರ ಪ್ರಕಟಿಸಿದ ಯೋಜನೆಯಾಗಲಿ, ತಿಂಗಳಿಗೆ ₹3,500 ಕೊಡುವ ನಮ್ಮ ರಾಜ್ಯದ ಬಾಲ ಸೇವಾ ಯೋಜನೆಯಾಗಲಿ, ಇದ್ದದ್ದು ತಂದೆ ತಾಯಿ ಇಬ್ಬರೂ ಇಲ್ಲವಾದ ಮಕ್ಕಳಿಗೆ. 2020ರ ಏಪ್ರಿಲ್‌ನಿಂದ ಆಚೆಗೆ, ಕೋವಿಡ್ ಮಾತ್ರವಲ್ಲದೆ ಬೇರೆ ಕಾರಣಗಳೂ ಸೇರಿ, 1,47,492 ಮಕ್ಕಳು ತಂದೆಯನ್ನೋ ತಾಯಿಯನ್ನೋ ಇಬ್ಬರನ್ನೋ ಕಳೆದುಕೊಂಡಿದ್ದಾರೆ ಎಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿತು. ಅವರಲ್ಲಿ ಇಬ್ಬರನ್ನೂ ಕಳೆದುಕೊಂಡವರು 10,094. ಮಿಕ್ಕವರಲ್ಲಿ ಹೆಚ್ಚುಕಡಿಮೆ ಎಲ್ಲರೂ ನಮ್ಮ ಬೀದಿಯ ಆ ಎರಡು ಮಕ್ಕಳ ಸಾಲಿನವರು: ಅಮ್ಮ ಇದ್ದಾಳೆ, ಆದರೆ ಬೆಳಿಗ್ಗೆ ಆರಕ್ಕೆ ಗಾರ್ಮೆಂಟ್ಸ್‌ಗೆ ಹೊರಟು ಸಂಜೆ ಏಳಕ್ಕೆ ಬರುತ್ತಾಳೆ.

ಕರ್ನಾಟಕದಲ್ಲಿ ಕೋವಿಡ್‌ನಿಂದ ಸತ್ತವರ ಸಂಖ್ಯೆ ಸರ್ಕಾರಿ ಲೆಕ್ಕದಲ್ಲಿ 40,000 ದಾಟುತ್ತದೆ. ದೇಶದ ಲೆಕ್ಕದ ಬಗ್ಗೆ ವಿವಾದವೇ ಇದೆ: 2020 ಮತ್ತು 2021ರಲ್ಲಿ ಭಾರತದಲ್ಲಿ 47 ಲಕ್ಷ ಹೆಚ್ಚುವರಿ ಸಾವುಗಳಾಗಿವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತು, ಕೇಂದ್ರ ಸರ್ಕಾರ ಅದನ್ನು ಒಪ್ಪಲಿಲ್ಲ. ಈ ಅಂಕಿಗಳೆಲ್ಲ ಸತ್ತವರದು. ಉಳಿದವರನ್ನು ಎಣಿಸುವ ಪ್ರಯತ್ನವೊಂದನ್ನು ಅಮೆರಿಕದ ಸಂಶೋಧಕರು 2020ರಲ್ಲಿಯೇ ಮಾಡಿದರು. ಅವರ ಲೆಕ್ಕದಂತೆ ಆ ದೇಶದಲ್ಲಿ ಒಂದೊಂದು ಸಾವೂ ಸುಮಾರು ಒಂಬತ್ತು ಮಂದಿ ಹತ್ತಿರದ ಬಂಧುಗಳನ್ನು ದುಃಖಕ್ಕೆ ತಳ್ಳಿತು. ಅಜ್ಜ ಅಜ್ಜಿ, ತಂದೆ ತಾಯಿ, ಒಡಹುಟ್ಟಿದವರು, ಗಂಡ ಹೆಂಡತಿ, ಮಕ್ಕಳು, ಇಷ್ಟೇ ಅವರ ಎಣಿಕೆ. ಅಪ್ಪನ ಜೊತೆ ದಿನವೂ ಸಂಜೆ ಅರಳಿಕಟ್ಟೆಯ ಮೇಲೆ ಕೂರುತ್ತಿದ್ದ, ಈಗ ಒಬ್ಬರೇ ಕೂರುವ ನಮ್ಮೂರಿನ ಟೈಲರ್ ಅದರಲ್ಲಿ ಬರುವುದಿಲ್ಲ. ಡಯಾಲಿಸಿಸ್‌ಗೆ ಹೋಗಲಾಗದೆ ಅದೇ ತಿಂಗಳು ತೀರಿಕೊಂಡ ನಮ್ಮ ಎದುರು ಮನೆಯವರ ಮಕ್ಕಳು ಯಾವ ಲೆಕ್ಕದಲ್ಲಿಯೂ ಬರುವುದಿಲ್ಲ. ಅವರ ತಂದೆಗೆ ಕೋವಿಡ್ ಇರಲಿಲ್ಲ, ಆದರೂ ಆ ಮನೆಗೂ ಒಬ್ಬರೂ ಹೋಗಲಿಲ್ಲ, ನಾನೂ ಹೋಗಲಿಲ್ಲ.

ವೈದ್ಯಕೀಯದ ನೆರವಿನ ಬಗ್ಗೆ ಒಂದು ಮಾತು. ಆರು ತಿಂಗಳಾದರೂ ತಗ್ಗದೆ ದಿನನಿತ್ಯದ ಬದುಕನ್ನೇ ಕೆಡಿಸುವ ದುಃಖವನ್ನು ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಹೊಸ ಪಟ್ಟಿ, 2022ರ ಜನವರಿಯಿಂದ, ಒಂದು ಕಾಯಿಲೆಯೆಂದು ಗುರುತಿಸಿದೆ. ಅಮೆರಿಕದ ಮನೋವೈದ್ಯರ ಪಟ್ಟಿ ವಯಸ್ಕರಿಗೆ ಒಂದು ವರ್ಷದ ಗಡುವು ಕೊಟ್ಟಿದೆ. ದುಃಖಕ್ಕೂ ರೋಗದ ಹೆಸರು ಕೊಟ್ಟರಲ್ಲ ಎಂದು ಮೊದಲು ನಾನೂ ಮೂಗು ಮುರಿದವಳೇ. ಆದರೆ ಎದ್ದು ಸ್ನಾನ ಮಾಡುವ ಮನಸ್ಸೂ ಇಲ್ಲದೆ ಎರಡು ವರ್ಷ ಕಳೆದವರನ್ನು ಕಂಡ ಮೇಲೆ ಹೆಸರು ಇರುವುದೇ ಒಳ್ಳೆಯದು ಅನ್ನಿಸಿತು. ಹೆಸರಿದ್ದರೆ ಚಿಕಿತ್ಸೆ ಕೇಳಲು ಒಂದು ದಾರಿ ಸಿಗುತ್ತದೆ. ಬ್ರಿಟನ್ನಿನಲ್ಲಿ ಆ ಕಾಲದಲ್ಲಿ ತಮ್ಮವರನ್ನು ಕಳೆದುಕೊಂಡ 711 ಮಂದಿಯನ್ನು ಕೇಳಿ ನೋಡಿದ ಅಧ್ಯಯನದಲ್ಲಿ, ಅರ್ಧದಷ್ಟು ಜನ ದುಃಖವನ್ನು ತಾಳಿಕೊಳ್ಳಲಾಗದ ಸ್ಥಿತಿಯಲ್ಲಿದ್ದರು, ಅವರಲ್ಲಿಯೂ ಹೆಚ್ಚಿನವರು ಯಾವ ಆಪ್ತಸಲಹೆಯನ್ನೂ ಪಡೆದಿರಲಿಲ್ಲ. ಇಂಥ ಸೇವೆಗೆ ಹಳೆಯ ವ್ಯವಸ್ಥೆಯೇ ಇರುವ ದೇಶದ ಮಾತು ಅದು. ನಮ್ಮಲ್ಲಿ ನಿಮ್ಹಾನ್ಸ್ ಸಂಸ್ಥೆ 2020ರ ಲಾಕ್‌ಡೌನ್ ದಿನಗಳಲ್ಲಿಯೇ ಸಹಾಯವಾಣಿ ತೆರೆದಿತ್ತು; 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಬಂದಿದೆ, 14416ಕ್ಕೆ ಯಾವ ಹೊತ್ತಿನಲ್ಲಿಯಾದರೂ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು, ಖರ್ಚಿಲ್ಲ. ಬೇಕಾದವರು ಸಂಕೋಚ ಬಿಟ್ಟು ಮಾಡಬೇಕು.

ನಾನು ಆರನೆಯ ತಿಂಗಳಿನಲ್ಲಿ ಒಬ್ಬ ಆಪ್ತಸಲಹೆಗಾರರ ಬಳಿ ಹೋಗಿದ್ದೆ. ಹೋಗುವ ಮೊದಲು ಏನೇನೋ ಕಲ್ಪಿಸಿಕೊಂಡಿದ್ದೆ. ಆ ಹೆಂಗಸು ನೀರಿನ ಲೋಟ ನನ್ನ ಮುಂದಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದು, "ಏನಾಯ್ತು, ಮೊದಲಿನಿಂದ ಹೇಳಿ" ಎಂದರು. ನನಗೆ ನಮ್ಮೂರಿನ ಜಗಲಿ ನೆನಪಾಯಿತು. ಗಂಟೆಗೆ ಸಾವಿರ ರೂಪಾಯಿ ಕೊಟ್ಟು ನಾನು ಕೊಂಡದ್ದು, ನಮ್ಮ ಕಡೆಯ ಹೆಂಗಸರು ಬಸ್ ಚಾರ್ಜು ಹಾಕಿಕೊಂಡು ಬಂದು ಕೊಡುತ್ತಿದ್ದ ವಸ್ತುವನ್ನೇ. ಸಾವಿರ ರೂಪಾಯಿ ದಂಡವೇನೂ ಆಗಲಿಲ್ಲ, ಸುರಿಯಬೇಕಾದದ್ದನ್ನು ಅಲ್ಲಿ ಸುರಿದು ಬಂದೆ. ಆದರೆ ಅಮ್ಮನನ್ನು ಅಲ್ಲಿಗೆ ಕರೆದೊಯ್ಯಲು ಆಗಲಿಲ್ಲ. "ಗುರುತು ಪರಿಚಯ ಇಲ್ದೋರ ಹತ್ರ ಏನಂತ ಹೇಳ್ಲಿ?" ಎಂದಳು. ಅಪ್ಪನನ್ನು ಕಂಡೇ ಇಲ್ಲದವರಿಗೆ ಅಪ್ಪನ ಸಾವನ್ನು ಹೇಳುವುದು ಅವಳಿಗೆ ಅರ್ಥವಿಲ್ಲದ ಕೆಲಸವಾಗಿ ಕಂಡಿತು.

ಹಾಗಿದ್ದರೆ ಅಪ್ಪನನ್ನು ಬಲ್ಲವರು ಆಮೇಲಾದರೂ ಯಾಕೆ ಬರಲಿಲ್ಲ? 2021ರ ಚಳಿಗಾಲದ ಹೊತ್ತಿಗೆ ಮದುವೆಗಳು ನಡೆಯುತ್ತಿದ್ದವು, ಜಾತ್ರೆಗಳೂ ಶುರುವಾದವು, ಎಲ್ಲರೂ ಎಲ್ಲ ಕಡೆಗೂ ಹೋದರು. ನಮ್ಮ ಮನೆಗೆ ಮಾತ್ರ ಯಾರೂ ಬರಲಿಲ್ಲ. ಅಮ್ಮ ಇದನ್ನು ಮನಸ್ಸಿನಲ್ಲಿಟ್ಟುಕೊಂಡಳು. "ಮಣ್ಣಿಗೂ ಬರಲಿಲ್ಲ, ಮಾತಾಡ್ಸೋಕೂ ಬರಲಿಲ್ಲ" ಎನ್ನುವುದು ನಮ್ಮಲ್ಲಿ ಸಂಬಂಧ ಕಡಿದುಹೋಗುವಷ್ಟು ದೊಡ್ಡ ಆರೋಪ, ಮತ್ತು ಅಮ್ಮನ ಪಟ್ಟಿಯಲ್ಲಿ ಮೊದಲ ಹೆಸರು ಅರಸೀಕೆರೆ ಅತ್ತೆಯದು, ಅಪ್ಪನ ಒಬ್ಬಳೇ ತಂಗಿಯದು. ಪ್ಲೇಗಿನ ಕಾಲದಲ್ಲಿ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದಾಗ, ಒಬ್ಬರನ್ನು ಮಣ್ಣು ಮಾಡಿ ಬರುವಷ್ಟರಲ್ಲಿ ಇನ್ನೊಂದು ಹೆಣ ಕಾದಿರುತ್ತಿತ್ತಂತೆ ಎಂದು ನಮ್ಮ ಅಜ್ಜಿ ತನ್ನ ಹಿರಿಯರಿಂದ ಕೇಳಿದ್ದನ್ನು ಹೇಳುತ್ತಿದ್ದಳು. ಆಮೇಲೆ ಅವರೆಲ್ಲ ಊರಿಗೆ ಮರಳಿದಾಗ ಒಬ್ಬರ ಮುಖ ಒಬ್ಬರು ಹೇಗೆ ನೋಡಿದರು ಎಂಬುದನ್ನು ಮಾತ್ರ ಅಜ್ಜಿ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಕಳೆದ ತಿಂಗಳು, ಅಪ್ಪ ಹೋಗಿ ನಾಲ್ಕು ವರ್ಷ ದಾಟಿದ ಮೇಲೆ, ಒಂದು ಬೆಳಿಗ್ಗೆ ಅತ್ತೆ ತಿಪಟೂರಿನ ಮನೆಯ ಗೇಟಿನ ಹೊರಗೆ ನಿಂತಿದ್ದರು. ನಾನು ಅಂದು ಅಲ್ಲಿದ್ದೆ. ಒಳಗೆ ಬನ್ನಿ ಎಂದರೂ ಬರಲಿಲ್ಲ. "ಯಾವ ಮುಖ ಇಟ್ಕೊಂಡು ಬರ್ಲವ್ವ" ಎಂದರು. ಆ ಮೇ ತಿಂಗಳಿನಲ್ಲಿ ಮಗ ಸೊಸೆ ಅವರನ್ನು ಹೊರಗೆ ಬಿಟ್ಟಿರಲಿಲ್ಲ. ಆಮೇಲೆ ಬರೋಣವೆಂದರೆ ಇಷ್ಟು ದಿನ ಬಾರದವಳು ಈಗ ಹೇಗೆ ಹೋಗಲಿ ಎಂಬ ನಾಚಿಕೆ. ತಿಂಗಳು ಕಳೆದಂತೆ ಆ ನಾಚಿಕೆ ಬೆಳೆಯಿತು. ಒಡಹುಟ್ಟಿದ ಅಣ್ಣನನ್ನು ಕಳೆದುಕೊಂಡ ಅವರನ್ನೂ ಯಾರೂ ಮಾತಾಡಿಸಿರಲಿಲ್ಲ ಎಂಬುದು ನನ್ನ ತಲೆಗೆ ಹೊಳೆದದ್ದು ಆ ಗಳಿಗೆಯಲ್ಲಿ. ಬಾರದೆ ಹೋದವರೆಲ್ಲ ಕಲ್ಲೆದೆಯವರು ಎಂದು ನಾವು ತಿಳಿದಿದ್ದೆವು. ಅವರಲ್ಲಿ ಎಷ್ಟು ಜನ ಹೀಗೆ ಗೇಟಿನ ಹೊರಗೆ ನಿಂತವರೋ.

ಅಮ್ಮ ಒಳಗಿನಿಂದ ಬಂದು ನೋಡಿ, ಏನೂ ಅನ್ನದೆ, ಚಾಪೆ ಹಾಸಿದಳು. ಅತ್ತೆ ಕುಳಿತರು. ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು, "ಹೆಂಗಾಯ್ತು ಅತ್ಗೆ?" ಎಂದರು.

ಅಮ್ಮ ಹೇಳಲು ಶುರು ಮಾಡಿದಳು. ಕಣ್ಣಿನ ಪೊರೆಯಿಂದ ಶುರು ಮಾಡಿ, ಜ್ವರ, ಸ್ಕ್ಯಾನ್, ಆಂಬ್ಯುಲೆನ್ಸ್ ಹತ್ತುವಾಗ ಅಪ್ಪ ಚಪ್ಪಲಿಗಾಗಿ ಹುಡುಕಾಡಿದ್ದು, ನನಗೇ ಗೊತ್ತಿಲ್ಲದ ಸಂಗತಿಗಳು. ಅತ್ತೆ ನಡುನಡುವೆ "ಆಮೇಲೆ?" ಎನ್ನುತ್ತಿದ್ದರು ಅಷ್ಟೇ. ಆಸ್ಪತ್ರೆಯವರೆಗೆ ಬಂದು ಕಥೆ ನಿಂತಾಗ ಅಮ್ಮ ಎದ್ದು ಹೋಗಿ ಬೀರುವಿನಿಂದ ಆ ಡಬ್ಬಿಯನ್ನು ತಂದಿಟ್ಟಳು. ನಾಲ್ಕು ವರ್ಷ ಅದನ್ನು ಯಾರೂ ಬಳಸಿರಲಿಲ್ಲ.

ಅತ್ತೆ ಅದನ್ನು ತೆರೆದು, ಒಳಗಿನ ಕಾಗದ ಬಿಚ್ಚಿ, ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ರಬ್ಬರ್ ಬಿಚ್ಚಿ ತೊಳ್ದವ್ಳೆ ಅತ್ಗೆ. ಗಂಡಸ್ರು ತೊಳ್ದಿದ್ರೆ ಸಂದೀಲಿ ಜಿಡ್ಡು ಹಂಗೇ ಇರೋದು. ಇದು ಮನೆ ಕೆಲಸ ಗೊತ್ತಿರೋ ಹೆಂಗ್ಸು ಮಾಡಿರೋದು."

"ಹಂಗಂತೀಯಾ?" ಎಂದಳು ಅಮ್ಮ.

"ಮತ್ತಿನ್ನೇನು. ಡಬ್ಬೀನೇ ಇಷ್ಟು ಚೆನ್ನಾಗಿ ನೋಡ್ಕೊಂಡವ್ಳು ಅಣ್ಣಂಗೆ ಒಂದು ತೊಟ್ಟು ನೀರು ಬಿಡ್ದೆ ಇರ್ತಾಳಾ?"

ಅಮ್ಮ ಡಬ್ಬಿಯನ್ನು ವಾಪಸು ತೆಗೆದುಕೊಂಡು ರಬ್ಬರನ್ನು ಮುಚ್ಚಳಕ್ಕೆ ಕೂರಿಸಲು ನೋಡಿದಳು. ಅದು ಗಟ್ಟಿಯಾಗಿ ಸೀಳು ಬಿಟ್ಟಿತ್ತು, ಕೂರಲಿಲ್ಲ. ಸಂಜೆಯವರೆಗೆ ಇಬ್ಬರೂ ಮಾತಾಡುತ್ತಲೇ ಇದ್ದರು. ಐದರ ಬಸ್ಸಿಗೆ ಹೊರಟಾಗ ಅತ್ತೆ ಪದ್ಧತಿಯಂತೆ 'ಬರ್ತೀನಿ' ಎನ್ನಲಿಲ್ಲ. ಚಪ್ಪಲಿ ಮೆಟ್ಟುತ್ತ, "ಆ ರಬ್ಬರ್ ಅರಸೀಕೆರೆ ಸಂತೇಲಿ ಸಿಕ್ತದೆ, ಅಳತೆ ನೋಡ್ಕೊಂಡೀನಿ" ಎಂದು ಹೇಳಿ ಗೇಟು ಹಾಕಿಕೊಂಡು ಹೋದರು.